ಅಂತರಗಂಗೆ ಎಲೆಯ ಆಂಟಿಆಕ್ಸಿಡೆಂಟ್: ತೆಗೆಯುವುದು ಹೇಗೆ, ಕೆಡದಂತೆ ಇಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರ ತಾಲ್ಲೂಕಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕೆರೆಯ ಮೇಲೆ ತೇಲುವ ಕಳೆಯ ಎಲೆಯಿಂದ ಸಾರ ತೆಗೆದು, ಅದು ಎಷ್ಟು ದಿನ ಕೆಡದೆ ಉಳಿಯುತ್ತದೆ ಅಂತ ವಿದ್ಯಾರ್ಥಿಗಳ ಜೊತೆ ಸೇರಿ ನೋಡುತ್ತಿದ್ದೇನೆ. ಮಕ್ಕಳು, ಸ್ತ್ರೀಶಕ್ತಿ ಸಂಘದವರು, ಪಂಚಾಯ್ತಿ ಸದಸ್ಯರು, ರೈತರು ಬಂದು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅಂತರಗಂಗೆ ಅಂದರೆ ನಮ್ಮ ಬೆಟ್ಟ ಅಲ್ವಾ? ನೀವು ಯಾವ ಗಿಡದ ಬಗ್ಗೆ ಹೇಳುತ್ತಿದ್ದೀರಿ?

ಕೋಲಾರದವರಿಗೆ ಅಂತರಗಂಗೆ ಅಂದ ಕೂಡಲೇ ಬೆಟ್ಟ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ನೆನಪಾಗುತ್ತದೆ. ಇದು ಅದಲ್ಲ. ಕೆರೆ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ಹರಡಿ, ತಿಳಿ ನೇರಳೆ ಹೂ ಬಿಡುವ ಗಿಡ. ತೊಟ್ಟು ಬಲೂನಿನ ಹಾಗೆ ಉಬ್ಬಿರುತ್ತದೆ, ಹಿಸುಕಿದರೆ ಒಳಗೆಲ್ಲ ಗಾಳಿ. ಪೇಪರಿನವರು ವಾಟರ್ ಹಯಸಿಂತ್ ಅಂತಲೂ ಬರೆಯುತ್ತಾರೆ. ಇದರ ಈಗಿನ ವೈಜ್ಞಾನಿಕ ಹೆಸರು ಪಾಂಟೆಡೀರಿಯಾ ಕ್ರಾಸಿಪೆಸ್. ಹಳೆಯ ಪುಸ್ತಕಗಳಲ್ಲಿ ಐಕಾರ್ನಿಯಾ ಕ್ರಾಸಿಪೆಸ್ ಅಂತ ಇರುತ್ತದೆ.

ಹೆಸರಿನ ಗೊಂದಲ ಇನ್ನೂ ಇದೆ. ಸಣ್ಣ ಎಲೆಕೋಸಿನ ಹಾಗೆ ತೇಲುವ, ಎಲೆ ಮೇಲೆ ಮೆತ್ತನೆ ರೋಮ ಇರುವ ಗಿಡಕ್ಕೂ ಅಂತರಗಂಗೆ ಅಂತಲೇ ಹೆಸರು. ಅದು ಬೇರೆ ಜಾತಿ. ಕೆಲವರು ಎಲ್ಲವನ್ನೂ ಸೇರಿಸಿ ಜೊಂಡು ಅಂದುಬಿಡುತ್ತಾರೆ. ಆದರೆ ಜೊಂಡು ಕೆರೆಯಂಚಿನ ಕೆಸರಲ್ಲಿ ಬೇರು ಬಿಟ್ಟು, ಆಳೆತ್ತರ ಬೆಳೆದು, ಕಂದು ಬಣ್ಣದ ಉದ್ದನೆ ತೆನೆ ಬಿಡುವ ಹುಲ್ಲು. ಗಿಡ ಕೀಳುವ ಮೊದಲು ಹೂವು ಮತ್ತು ತೊಟ್ಟು ನೋಡಿ ಖಚಿತ ಮಾಡಿಕೊಳ್ಳಿ.

ಇದು ನಮ್ಮ ಕಡೆ ಇಷ್ಟೊಂದು ಯಾಕೆ?

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಹೂವು ಚೆಂದ ಅಂತ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಅಲ್ಲಿಂದ ದೇಶವೆಲ್ಲ ಹಬ್ಬಿತು. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಬೀಜ ಕೆರೆಯ ಕೆಸರಲ್ಲಿ 15 ವರ್ಷಕ್ಕಿಂತ ಜಾಸ್ತಿ ಸುಮ್ನೆ ಮಲಗಿದ್ದು, ನೀರು ಬಂದಾಗ ಮೊಳೆಯಬಲ್ಲದು.

ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಕೆರೆಗಳು ವರ್ಷಗಟ್ಟಲೆ ಒಣಗಿದ್ದವು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ ನೀರು. ಎರಡೂ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಬಿಡುವ ನೀರು. ಅಂಥ ನೀರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ ಅದು ಈ ಕಳೆಗೆ ಗೊಬ್ಬರ. ಕೆರೆ ತುಂಬಿದ್ದು ಸಂತೋಷವೇ, ಬಾವಿಗಳಲ್ಲಿ ನೀರು ಕಂಡವರ ಸಂತೋಷ ನಾನೂ ನೋಡಿದ್ದೇನೆ. ಆದರೆ ಎಲೆ ಕೀಳುವವರು ಆ ನೀರು ಎಲ್ಲಿಂದ ಬಂತು ಅನ್ನುವುದನ್ನು ಮರೆಯಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಂಥ ಕಳೆಯಲ್ಲಿ ನಿಜವಾಗಿಯೂ ಆಂಟಿಆಕ್ಸಿಡೆಂಟ್ ಇದೆಯಾ?

ಇದೆ. ಆಂಟಿಆಕ್ಸಿಡೆಂಟ್ ಅಂದರೆ ಆಮ್ಲಜನಕ ಬೇರೆ ವಸ್ತುವನ್ನು ಕೆಡಿಸದಂತೆ ತಡೆಯುವ ವಸ್ತು. ಪಠ್ಯದಲ್ಲಿ ಉತ್ಕರ್ಷಣ ನಿರೋಧಕ ಅಂತಾರೆ. ದಿನವಿಡೀ ನೆರಳಿಲ್ಲದೆ ಬಿಸಿಲಲ್ಲಿ ನಿಲ್ಲುವ ಎಲೆಗೆ ತನ್ನನ್ನು ಕಾಪಾಡಿಕೊಳ್ಳಲು ಇವು ಬೇಕೇ ಬೇಕು. ಅಂತರಗಂಗೆ ಎಲೆಯಲ್ಲಿ ಫೀನಾಲಿಕ್ ಆಮ್ಲಗಳು ಇವೆ, ಕ್ವೆರ್ಸೆಟಿನ್, ಲೂಟಿಯೋಲಿನ್, ಎಪಿಜೆನಿನ್ ಥರದ ಫ್ಲೇವನಾಯ್ಡ್‌ಗಳು ಇವೆ, ಕ್ಯಾರೊಟಿನಾಯ್ಡ್‌ಗಳು ಇವೆ. ಹೂವಿನ ನೇರಳೆ ಬಣ್ಣವೂ ಆಂಥೋಸಯಾನಿನ್ ಎಂಬ ಇಂಥದೇ ವಸ್ತು.

ಆದರೆ ಇದು ನೆಲ್ಲಿಕಾಯಿಗೆ ಸಮ ಅಲ್ಲ. ಇದರ ಬೆಲೆ ಇರುವುದು ಬೇರೆ ಕಡೆ. ಕೆರೆಯಿಂದ ಹೇಗಿದ್ದರೂ ತೆಗೆಯಲೇಬೇಕು, ತೆಗೆದದ್ದು ದಡದಲ್ಲಿ ಕೊಳೆಯುತ್ತಿದೆ.

ಹಾಗಾದರೆ ಈ ಸಾರವನ್ನು ಕುಡಿಯಬಹುದಾ? ಕಷಾಯ ಮಾಡಬಹುದಾ?

ಬೇಡ. ದನಕ್ಕೂ ಈ ಸಾರ ಕುಡಿಸಬೇಡಿ.

ಈ ಗಿಡ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸದಂಥ ಭಾರ ಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಹೆಸರುವಾಸಿ. ಕೊಳಚೆ ನೀರು ಶುದ್ಧ ಮಾಡಲು ಇದನ್ನು ಬಳಸುವುದೇ ಅದಕ್ಕೆ. ಜಾಸ್ತಿ ಪಾಲು ಬೇರಿನಲ್ಲಿ ನಿಲ್ಲುತ್ತದೆ, ಎಲೆಗೆ ಕಡಿಮೆ ಏರುತ್ತದೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ತಿನ್ನುವ ಹಸಿ ಸೊಪ್ಪಿಗೆ ಮಿತಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಎಲೆ ಒಣಗಿಸಿದರೆ ಲೋಹ ಆವಿಯಾಗಿ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಹತ್ತು ಕಿಲೋ ಹಸಿ ಎಲೆಯಲ್ಲಿ ಇದ್ದದ್ದೆಲ್ಲ ಸುಮಾರು ಒಂದು ಕಿಲೋ ಪುಡಿಯಲ್ಲಿ ಕೂರುತ್ತದೆ. ಸಾರ ಇಳಿಸಿ ಗಟ್ಟಿ ಮಾಡಿದರೆ ಲೋಹದ ಪ್ರಮಾಣ ಇನ್ನೂ ಹೆಚ್ಚಬಹುದು. ನಮ್ಮ ದೇಶದಲ್ಲಿ ಇಂಥ ಹೊಸ ಸಸ್ಯಸಾರವನ್ನು ಆಹಾರ ಅಂತ ಮಾರಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಪ್ಪಿಗೆಯೂ ಬೇಕು.

ಇದೇ ಕಾರಣಕ್ಕೆ, ಯಾರೇ ಬಂದು ಸಾರ ತೆಗೆಯುವುದು ಹೇಗೆ ಅಂತ ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ಯಾವ ಕೆರೆ?

ಲೋಹ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಒಣ ಎಲೆಪುಡಿ ಕೊಟ್ಟು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ, ಆರ್ಸೆನಿಕ್ ಇಷ್ಟನ್ನು ನೋಡಿಸಿ. ಒಂದೇ ಜಾಗದ ಎಲೆ ಸಾಲದು. ನೀರು ಒಳಗೆ ಬರುವ ಕಡೆ, ಕೆರೆ ನಡುವೆ, ತೂಬಿನ ಹತ್ತಿರ, ಮೂರೂ ಕಡೆಯ ಎಲೆ ಬೇರೆ ಬೇರೆಯಾಗಿ ಕೊಡಿ. ಈ ಖರ್ಚು ಉಳಿಸಲು ಹೋಗಬೇಡಿ.

ಗಿಡದ ಯಾವ ಭಾಗ ತೆಗೆದುಕೊಳ್ಳಬೇಕು?

ಎಲೆ ಮಾತ್ರ. ಪೂರ್ತಿ ಬಿಚ್ಚಿಕೊಂಡ, ಆದರೆ ಅಂಚು ಒಣಗದ ಎಲೆ. ಉಬ್ಬಿದ ತೊಟ್ಟಿನಲ್ಲಿ ನೀರು, ಗಾಳಿಯೇ ಜಾಸ್ತಿ. ಬೇರನ್ನು ಮುಟ್ಟಲೇಬೇಡಿ. ಇಡೀ ಗಿಡದ ತೂಕದಲ್ಲಿ ಸುಮಾರು 95 ಭಾಗ ನೀರು, ಹಾಗಾಗಿ ಗಿಡ ಸಮೇತ ಹೊತ್ತು ತಂದರೆ ನೀವು ಹೊರುವುದು ಕೆರೆ ನೀರನ್ನೇ.

ಬೆಳಗ್ಗೆ ಕೊಯ್ಯಿರಿ, ಇಬ್ಬನಿ ಆರಿದ ಮೇಲೆ. ಕೈಗೆ ಗ್ಲೌಸ್ ಇರಲಿ. ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕೆಸುವಿನ ಎಲೆ, ಸುವರ್ಣಗಡ್ಡೆ ಹೆಚ್ಚಿದಾಗ ಕೈ ಕೆರೆಯುತ್ತದಲ್ಲ, ಅದೇ ಕಾರಣ. ಈ ಹಸಿರು ಚಾಪೆಯ ಕೆಳಗೆ ಎಷ್ಟು ಆಳ, ಎಷ್ಟು ಹೂಳು ಅಂತ ಕಾಣುವುದಿಲ್ಲ, ಹಾವೂ ಇರುತ್ತದೆ. ಕೆರೆಗೆ ಇಳಿಯದೆ ದಡದಿಂದಲೇ ಕೊಕ್ಕೆ ಹಾಕಿ ಎಳೆದುಕೊಳ್ಳಿ. ಮೊದಲೇ ಗ್ರಾಮ ಪಂಚಾಯ್ತಿಗೋ ಸಣ್ಣ ನೀರಾವರಿ ಇಲಾಖೆಗೋ, ಆ ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ ಹೇಳಿ ಹೋಗಿ.

ಕೆಡದಂತೆ ಇಡುವುದು ಕೊನೆಯ ಹಂತ ಅಲ್ವಾ? ನೀವು ಯಾಕೆ ಕೊಯ್ಲಿನಿಂದಲೇ ಶುರು ಮಾಡುತ್ತೀರಿ?

ಬಾಳೆದಿಂಡು ಹೆಚ್ಚುವುದನ್ನು ನೆನಪಿಸಿಕೊಳ್ಳಿ. ಹೆಚ್ಚಿ ತಟ್ಟೆಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಅದಕ್ಕೇ ಅಜ್ಜಿ ಪಕ್ಕದಲ್ಲಿ ಮಜ್ಜಿಗೆ ನೀರು ಇಟ್ಟುಕೊಂಡು, ಹೆಚ್ಚಿದ್ದನ್ನು ಕೂಡಲೇ ಅದಕ್ಕೆ ಹಾಕುತ್ತಿದ್ದರು. ಅಲ್ಲಿ ಕಪ್ಪಾಗುವುದು ಪಾಲಿಫಿನಾಲ್, ಅಂದರೆ ಮೇಲೆ ಹೇಳಿದ ಫೀನಾಲಿಕ್ ಆಮ್ಲ, ಫ್ಲೇವನಾಯ್ಡ್ ಎಲ್ಲ ಸೇರಿದ ಗುಂಪು, ನಾವು ಇಲ್ಲಿ ಉಳಿಸಬೇಕು ಅಂದುಕೊಂಡಿರುವ ವಸ್ತುವೇ. ಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಹೊರಗೆ ಬಂದು, ಗಾಳಿಯ ಆಮ್ಲಜನಕದ ಜೊತೆ ಸೇರಿ ಅದನ್ನು ಕಂದು ಮಾಡುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ, ನೀರು ಗಾಳಿಯನ್ನು ದೂರ ಇಡುತ್ತದೆ.

ಅಂತರಗಂಗೆ ಎಲೆಯಲ್ಲೂ ಹೀಗೇ. ನಮ್ಮ ಮೊದಲ ಕೊಯ್ಲು ಪೂರ್ತಿ ಹೋಯಿತು. ಸಂಜೆ ಎಲೆ ಕೊಯ್ದು ಗೊಬ್ಬರದ ಖಾಲಿ ಚೀಲಕ್ಕೆ ಒತ್ತಿ ತುಂಬಿ, ಬೆಳಗ್ಗೆ ನೋಡೋಣ ಅಂತ ಲ್ಯಾಬಿನ ಮೂಲೆಯಲ್ಲಿಟ್ಟೆವು. ಬೆಳಗ್ಗೆ ಚೀಲದೊಳಗೆ ಕೈ ಹಾಕಿದರೆ ತಿಪ್ಪೆಯಂಥ ಬಿಸಿ. ಮೇಲಿನ ಎಲೆ ಹಸಿರಾಗಿತ್ತು, ನಡುವಿನದೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಾಗಿ ಕಂದು ತಿರುಗಿತ್ತು. ಆ ಎಲೆಯಿಂದಲೂ ಸಾರ ತೆಗೆದು ಪರೀಕ್ಷೆ ಮಾಡಿದೆವು. ಬಣ್ಣ ಇತ್ತು, ಶಕ್ತಿ ಇರಲಿಲ್ಲ. ಆಮೇಲೆ ಎಷ್ಟು ಒಳ್ಳೆಯ ಬಾಟಲಿಗೆ ಹಾಕಿದರೂ ಅದನ್ನು ವಾಪಸ್ ತರಲಾಗುವುದಿಲ್ಲ.

ಅಂದಿನಿಂದ ಚೀಲ ಬಿಟ್ಟೆವು. ಟೊಮೆಟೊ ಕ್ರೇಟಿನಲ್ಲಿ ಸಡಿಲವಾಗಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ತುಂಬುತ್ತೇವೆ. ನಾಲ್ಕೂ ಕಡೆ ಗಾಳಿ ಆಡುತ್ತದೆ. ಕೋಲಾರದಲ್ಲಿ ಕ್ರೇಟಿಗೆ ಬರವೇ? ಕೊಯ್ದ ಎರಡು ಗಂಟೆಯೊಳಗೆ ತೊಳೆದು ಹಬೆಗೆ ಇಡುತ್ತೇವೆ.

ಹಬೆ ಯಾಕೆ? ಬಿಸಿಯಾದರೆ ಆಂಟಿಆಕ್ಸಿಡೆಂಟ್ ಹೋಗುವುದಿಲ್ಲವಾ?

ಸ್ವಲ್ಪ ಹೋಗುತ್ತದೆ, ವಿಟಮಿನ್ ಸಿ ಅಂತೂ ಹೋಗುತ್ತದೆ. ಆದರೆ ಕಿಣ್ವವನ್ನು ಹಾಗೇ ಬಿಟ್ಟರೆ ಒಣಗುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ತಿಂದುಹಾಕುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಎಲೆಯನ್ನು ತೆಳುವಾಗಿ ಹರಡಿ ಎರಡು ನಿಮಿಷ ಹಬೆ ಕೊಡಿ, ತೆಗೆದ ಕೂಡಲೇ ಫ್ಯಾನಿನ ಕೆಳಗೆ ಆರಿಸಿ. ಕುದಿಯುವ ನೀರಿಗೇ ಹಾಕಬೇಡಿ, ನಮಗೆ ಬೇಕಾದದ್ದು ನೀರಿಗೆ ಇಳಿದು ಹೋಗುತ್ತದೆ. ಈ ಕೆಲಸಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ತರಬೇಡಿ, ಅದರ ಮೇಲೆ ಬಣ್ಣದಲ್ಲಿ ಗುರುತು ಬರೆದುಬಿಡಿ.

ಹಪ್ಪಳ, ಸಂಡಿಗೆ ಥರ ಬಿಸಿಲಲ್ಲಿ ಒಣಗಿಸಬಹುದಾ?

ಬೇಡ. ಬಿಸಿಲಿನ ನೇರಳಾತೀತ ಕಿರಣ ಆಂಟಿಆಕ್ಸಿಡೆಂಟನ್ನು ಒಡೆಯುತ್ತದೆ. ನೆರಳು, ಗಾಳಿ ಎರಡೂ ಬೇಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಒಂದು ಅನುಕೂಲ ಇದೆ. ರೇಷ್ಮೆ ಹುಳು ಗೂಡು ಕಟ್ಟಲು ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ, ಮೊದಲು ಅದೇ ಕೆಲಸಕ್ಕೆ ಬಳಸುತ್ತಿದ್ದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಗಳು ಎಷ್ಟೋ ರೇಷ್ಮೆ ಮನೆಗಳಲ್ಲಿ ಗೋಡೆಗೆ ಒರಗಿ ನಿಂತಿವೆ. ಅವುಗಳ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಎಲೆ ಹರಡಿದರೆ ಕೆಳಗಿನಿಂದಲೂ ಮೇಲಿನಿಂದಲೂ ಗಾಳಿ. ಹುಳು ಸಾಕುವ ಮನೆಯೊಳಗೆ ಮಾತ್ರ ಒಣಗಿಸಬೇಡಿ, ಕೆರೆಯ ಎಲೆಗೂ ಹುಳುವಿಗೂ ದೂರ ಇರಲಿ.

ಓವನ್ ಅಥವಾ ಡ್ರೈಯರ್ ಇದ್ದರೆ 40ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕು. ಎಲೆ ಮಡಿಚಿದರೆ ಬಗ್ಗಬಾರದು, ಹಪ್ಪಳದ ಹಾಗೆ ಪಟ್ ಅಂತ ಮುರಿಯಬೇಕು. ಮಳೆಗಾಲದಲ್ಲಿ ನೆರಳಲ್ಲಿ ಒಣಗಿಸುವುದನ್ನು ನಾವು ಬಿಟ್ಟೇಬಿಟ್ಟಿದ್ದೇವೆ, ಬೂಷ್ಟು ಹಿಡಿಯುತ್ತದೆ. ಪುಡಿ ಮಾಡುವಾಗ ಮಿಕ್ಸಿಯನ್ನು ಒಂದೇ ಸಮ ಓಡಿಸಬೇಡಿ, ಜಾರ್ ಬಿಸಿಯಾಗುತ್ತದೆ. ಹತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ.

ಸಾರ ತೆಗೆಯುವ ಕ್ರಮ ಹೇಳಿ.

ನಾವು ಮಾಡುವುದು ಹೀಗೆ. 10 ಗ್ರಾಂ ಪುಡಿಗೆ 200 ಮಿಲಿ ಲೀಟರ್ 70 ಶೇಕಡಾ ಎಥನಾಲ್. ಲ್ಯಾಬಿಗೆ ಬರುವುದು ಸಾಮಾನ್ಯವಾಗಿ 95 ಶೇಕಡಾ. ಅದರಲ್ಲಿ 737 ಮಿಲಿ ಲೀಟರ್ ಅಳೆದು, ಡಿಸ್ಟಿಲ್ಡ್ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿದರೆ 70 ಸಿಗುತ್ತದೆ. ಪುಡಿ ಮತ್ತು ಎಥನಾಲನ್ನು ಗಾಜಿನ ಬಾಟಲಿಗೆ ಹಾಕಿ, ಬಾಟಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಆಗಾಗ ಅಲ್ಲಾಡಿಸುತ್ತಾ ಒಂದು ದಿನ ಕೋಣೆಯ ತಂಪಿನಲ್ಲಿ ಬಿಡಿ. ಶೇಕರ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಟ್ರಾಸೌಂಡ್ ತೊಟ್ಟಿ ಇರುವ ಕಡೆ ಅರ್ಧ ಗಂಟೆಯಲ್ಲೇ ಮುಗಿಯುತ್ತದೆ. ಮೊದಲು ಮಲ್ ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಉಳಿದ ಚರಟಕ್ಕೆ ಹೊಸ ಎಥನಾಲ್ ಹಾಕಿ ಇನ್ನೊಂದು ಸಲ ತೆಗೆಯಿರಿ, ಎರಡನ್ನೂ ಸೇರಿಸಿ.

ಶುದ್ಧ ಎಥನಾಲ್ ಯಾಕೆ ಬೇಡ ಅಂತ ಮಕ್ಕಳು ಕೇಳುತ್ತಾರೆ. ಬಹಳಷ್ಟು ಪಾಲಿಫಿನಾಲ್‌ಗಳಿಗೆ ನೀರೂ ಬೇಕು, ಎಥನಾಲೂ ಬೇಕು. ಇನ್ನೊಂದು ಕಾರಣ ಹಸಿರು ಬಣ್ಣ. ಎಥನಾಲ್ ಜಾಸ್ತಿ ಆದಷ್ಟೂ ಪತ್ರಹರಿತ್ತು ಜಾಸ್ತಿ ಬರುತ್ತದೆ. ಗಾಢ ಹಸಿರು ಸಾರ ನೋಡಲು ಚೆಂದ, ಆದರೆ ಬೆಳಕು ಬಿದ್ದಾಗ ಆ ಪತ್ರಹರಿತ್ತೇ ಆಮ್ಲಜನಕವನ್ನು ಕೆರಳಿಸಿ ಉಳಿದದ್ದನ್ನು ಕೆಡಿಸುತ್ತದೆ. ಹಸಿರು ತುಂಬಾ ಇದ್ದರೆ 50 ಶೇಕಡಾಗೆ ಇಳಿಸಿ ನೋಡಿ.

ಆಮೇಲೆ ಎಥನಾಲ್ ಆರಿಸಬೇಕು. ರೋಟರಿ ಇವಾಪರೇಟರ್, ಅಂದರೆ ದ್ರವವನ್ನು ತಿರುಗಿಸುತ್ತಾ ಆವಿ ಮಾಡುವ ಯಂತ್ರ ಇದ್ದರೆ ನಿರ್ವಾತದಲ್ಲಿ 40–45 ಡಿಗ್ರಿಗೇ ಹಾರುತ್ತದೆ. ಬೆಂಕಿ ಹತ್ತಿರ ಬೇಡವೇ ಬೇಡ. 70 ಶೇಕಡಾ ಎಥನಾಲಿನ ಆವಿ 17 ಡಿಗ್ರಿಯ ಆಸುಪಾಸಿನಲ್ಲೇ ಕಿಡಿಗೆ ಹತ್ತಿಕೊಳ್ಳಬಲ್ಲದು, ಅಂದರೆ ನಮ್ಮ ಊರಿನ ಚಳಿಗಾಲದ ಮಧ್ಯಾಹ್ನದಲ್ಲೂ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ಸ್ಪಿರಿಟ್ ದೀಪ, ಕಿಡಿ ಹಾರುವ ಹಳೆಯ ಸ್ವಿಚ್ಚು ಯಾವುದೂ ಆ ಕೋಣೆಯಲ್ಲಿ ಇರಬಾರದು.

ಎಥನಾಲ್ ಎಲ್ಲಿ ಸಿಗುತ್ತದೆ? ಮನೆಯಲ್ಲಿ ಮಾಡಬಹುದಾ?

ಶುದ್ಧ ಎಥನಾಲ್ ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಕಾಲೇಜುಗಳು ಹಾಗೆ ತರಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ಪಾಲಿಷ್‌ಗೆ ಸಿಗುವ ಸ್ಪಿರಿಟ್‌ನಲ್ಲಿ ಮೆಥನಾಲ್ ಬೆರೆತಿರುತ್ತದೆ, ಅದು ವಿಷ, ಮುಟ್ಟಬೇಡಿ. ಮನೆಯಲ್ಲಿ, ಸಂಘದಲ್ಲಿ ಮಾಡುವವರಿಗೆ ನನ್ನ ಸಲಹೆ ನೀರು. 80 ಡಿಗ್ರಿಯ ನೀರಲ್ಲಿ ಪುಡಿಯನ್ನು 20 ನಿಮಿಷ ಮುಚ್ಚಿಟ್ಟು ಸೋಸಿ. ಕಡಿಮೆ ಬರುತ್ತದೆ, ಸಕ್ಕರೆ, ಲೋಳೆ ಜೊತೆಗೇ ಬರುತ್ತದೆ, ಫ್ರಿಡ್ಜಿನಲ್ಲೂ ಎರಡು ಮೂರು ದಿನಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಆದರೂ ಕಲಿಯಲು ಅದು ಸಾಕು.

ಬೋರ್‌ವೆಲ್ ನೀರು ಬಳಸಬಹುದಾ?

ಎಲೆಯ ಮಣ್ಣು ಹೋಗಲು ಮೊದಲ ತೊಳೆತಕ್ಕೆ ಬಳಸಿ. ಸಾರಕ್ಕೆ ಬೇಡ. ನಮ್ಮ ಜಿಲ್ಲೆಗಳ ಆಳದ ಬೋರ್ ನೀರು ಗಡಸು. ಬಾಗೇಪಲ್ಲಿ, ಪಾವಗಡ ಕಡೆ ಫ್ಲೋರೈಡ್ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಈ ಕೆಲಸಕ್ಕೆ ದೊಡ್ಡ ಶತ್ರು ಕಬ್ಬಿಣ. ಕೊನೆಯ ತೊಳೆತಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು, ಸಾರಕ್ಕೆ ಡಿಸ್ಟಿಲ್ಡ್ ನೀರು.

ನಮ್ಮ ಸಾರ ರಾತ್ರೋರಾತ್ರಿ ಕಪ್ಪಾಯಿತು. ಯಾಕೆ?

ಕಬ್ಬಿಣ ಎಲ್ಲಿಂದಲೋ ಸೇರಿದೆ. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣದ ಲವಣ ಹಾಕಿ ಶಾಯಿ ಮಾಡುತ್ತಿದ್ದರಲ್ಲ, ನೀವು ತಿಳಿಯದೆ ಅದನ್ನೇ ಮಾಡಿದ್ದೀರಿ. ತುಕ್ಕು ಹಿಡಿದ ಜರಡಿ, ಕಬ್ಬಿಣದ ಬಾಣಲೆ, ಸವೆದ ಮಿಕ್ಸಿ ಬ್ಲೇಡು, ಬೋರ್ ನೀರು, ಒಂದೊಂದಾಗಿ ನೋಡುತ್ತಾ ಬನ್ನಿ. ತಾಮ್ರವೂ ಹೀಗೇ ಕೆಡಿಸುತ್ತದೆ. ಗಾಜು ಒಳ್ಳೆಯದು, ಇಲ್ಲದಿದ್ದರೆ ಒಳ್ಳೆಯ ಸ್ಟೀಲು.

ಸಾರದಲ್ಲಿ ಶಕ್ತಿ ಇದೆಯಾ ಅಂತ ಪರೀಕ್ಷೆ ಹೇಗೆ?

ಮಕ್ಕಳಿಗೆ ತುಂಬಾ ಇಷ್ಟವಾಗುವ ಪರೀಕ್ಷೆ ಡಿಪಿಪಿಎಚ್ ಎಂಬ ನೇರಳೆ ಬಣ್ಣದ ರಾಸಾಯನಿಕದ್ದು. 1958ರಿಂದ ಬಳಕೆಯಲ್ಲಿದೆ. ಸುಮಾರು 4 ಮಿಲಿಗ್ರಾಂ ಡಿಪಿಪಿಎಚ್ ಅನ್ನು 100 ಮಿಲಿ ಲೀಟರ್ ಮೆಥನಾಲಿನಲ್ಲಿ ಕರಗಿಸಿದರೆ ಕಡು ನೇರಳೆ ದ್ರಾವಣ. ಅದಕ್ಕೆ ಸಾರ ಹಾಕಿ ಕತ್ತಲಲ್ಲಿ 30 ನಿಮಿಷ ಇಡಿ. ಆಂಟಿಆಕ್ಸಿಡೆಂಟ್ ಇದ್ದರೆ ನೇರಳೆ ಕರಗಿ ಹಳದಿಗೆ ಬರುತ್ತದೆ. ಎಷ್ಟು ಇಳಿಯಿತು ಅಂತ ಬಣ್ಣ ಅಳೆಯುವ ಯಂತ್ರದಲ್ಲಿ 517 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುತ್ತೇವೆ, ಪಕ್ಕದಲ್ಲಿ ವಿಟಮಿನ್ ಸಿ ಇಟ್ಟು ಹೋಲಿಸುತ್ತೇವೆ. ನಮ್ಮ ಒಂದು ಬ್ಯಾಚಿನಲ್ಲಿ ಹಬೆ ಕೊಟ್ಟ ಎಲೆಯ ನಳಿಕೆ ಹಳದಿಯಾಗುತ್ತಾ ಬಂತು, ಚೀಲದಲ್ಲಿ ಕೊಳೆತ ಎಲೆಯದು ಹಾಗೇ ನೇರಳೆಯಾಗಿ ನಿಂತಿತ್ತು. ಅದನ್ನು ನೋಡಿದ ಮೇಲೆ ಯಾವ ವಿದ್ಯಾರ್ಥಿಗೂ ಬೇಗ ಒಣಗಿಸಿ ಅಂತ ನಾನು ಎರಡನೇ ಸಲ ಹೇಳಬೇಕಾಗಲಿಲ್ಲ.

ಒಟ್ಟು ಫೀನಾಲ್ ಎಷ್ಟು ಅಂತ ತಿಳಿಯಲು ಫೋಲಿನ್ ಪರೀಕ್ಷೆ ಇದೆ, ನೀಲಿ ಬಣ್ಣ ಬರುತ್ತದೆ, 765 ನ್ಯಾನೋಮೀಟರ್. ವಿಟಮಿನ್ ಸಿ, ಕೆಲವು ಸಕ್ಕರೆಗಳೂ ಇದರಲ್ಲಿ ನೀಲಿ ಕೊಡುತ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಪಿಯುಸಿ ಲ್ಯಾಬಿನಲ್ಲಿ ಯಂತ್ರ ಇಲ್ಲದಿದ್ದರೆ ಫೆರಿಕ್ ಕ್ಲೋರೈಡ್ ಎರಡು ಹನಿ ಹಾಕಿ, ಕಡು ಹಸಿರೋ ನೀಲಿಗಪ್ಪೋ ಬಂದರೆ ಫೀನಾಲ್ ಇದೆ.

ತೆಗೆದ ಸಾರವನ್ನು ಹೇಗೆ ಇಡಬೇಕು?

ಬೆಳಕು, ಗಾಳಿ, ಬಿಸಿ, ತೇವ, ಲೋಹ. ಈ ಐದೂ ಶತ್ರುಗಳೇ. ಆದರೆ ಐದೂ ಸಮ ಅಲ್ಲ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಬಿಸಿ, ಆಗಸ್ಟ್‌ನಿಂದ ನವೆಂಬರ್‌ವರೆಗೆ ತೇವ, ಇವೆರಡೇ ಹೆಚ್ಚು ಕಾಡುತ್ತವೆ.

ದ್ರವವಾಗಿ ಇಡುವುದಾದರೆ ಕಂದು ಬಾಟಲಿ, ಅದೂ ಕಂಠದವರೆಗೆ ತುಂಬಿ. ಅರ್ಧ ಬಾಟಲಿ ಅಂದರೆ ಅರ್ಧ ಗಾಳಿ. ದೊಡ್ಡ ಬಾಟಲಿಯೊಂದನ್ನು ದಿನಾ ತೆರೆಯುವುದಕ್ಕಿಂತ ಹತ್ತು ಚಿಕ್ಕ ಬಾಟಲಿ ಮಾಡಿ, ಒಂದನ್ನು ತೆರೆದರೆ ಅದನ್ನೇ ಮುಗಿಸಿ. ಬಹಳಷ್ಟು ಪಾಲಿಫಿನಾಲ್‌ಗಳು ಹುಳಿಯಲ್ಲಿ ಕೆಡದೆ ನಿಲ್ಲುತ್ತವೆ, ಕ್ಷಾರದಲ್ಲಿ ಬೇಗ ಕೆಡುತ್ತವೆ. ಸ್ವಲ್ಪ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಅನ್ನು 3–4ಕ್ಕೆ ತಂದರೆ ಒಳ್ಳೆಯದು. ಸಿಟ್ರಿಕ್ ಆಮ್ಲ ಅಲ್ಲಿ ಇಲ್ಲಿ ಉಳಿದ ಕಬ್ಬಿಣವನ್ನೂ ಹಿಡಿದಿಡುತ್ತದೆ. ಮತ್ತೆ ಮಜ್ಜಿಗೆಯ ಪಾಠವೇ. ಫ್ರಿಡ್ಜಿನಲ್ಲಿ 4 ಡಿಗ್ರಿ, ದೀರ್ಘ ಕಾಲಕ್ಕೆ ಮೈನಸ್ 20. ಕರೆಂಟ್ ಹೋಗಿ ಬಂದು ಮಾಡುವ ಊರಲ್ಲಿ ಫ್ರೀಜರಿನ ಬಾಟಲಿ ಕರಗಿ ಮತ್ತೆ ಗಟ್ಟಿಯಾಗುತ್ತಿರುತ್ತದೆ, ಅದಕ್ಕಿಂತ ಒಂದೇ ಸಮನಾದ ಫ್ರಿಡ್ಜ್ ಎಷ್ಟೋ ಮೇಲು.

ಪುಡಿಯಾಗಿ ಇಡುವುದು ಇನ್ನೂ ಒಳ್ಳೆಯದು. ಶೈತ್ಯ ಒಣಗಿಸುವಿಕೆ, ಅಂದರೆ ಫ್ರೀಜ್ ಡ್ರೈಯಿಂಗ್, ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ದುಬಾರಿ. ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದು ಗುಲಾಬಿ ಆಯಿತು ಅಂದರೆ ತೇವ ಕುಡಿದು ಹೊಟ್ಟೆ ತುಂಬಿತು ಅಂತ. ಡಬ್ಬಿ ಮೇಲೆ ಕೆರೆಯ ಹೆಸರು, ಕೊಯ್ದ ದಿನ, ಒಣಗಿದ ದಿನ, ಸಾರ ತೆಗೆದ ದಿನ ನಾಲ್ಕೂ ಬರೆಯಿರಿ. ಹೆಸರಿಲ್ಲದ ಡಬ್ಬಿಯನ್ನು ನಾವು ಬಳಸುವುದಿಲ್ಲ, ಎಷ್ಟು ಚೆನ್ನಾಗಿ ಕಂಡರೂ ಚೆಲ್ಲುತ್ತೇವೆ.

ಸಾರವಾಗಿ ತೆಗೆಯುವ ಆತುರ ಇಲ್ಲದಿದ್ದರೆ ಒಣ ಎಲೆಯನ್ನೇ ಇಡಿಯಾಗಿ, ಪುಡಿ ಮಾಡದೆ, ಕತ್ತಲಲ್ಲಿ ಇಡಿ. ಪುಡಿ ಮಾಡಿದ ಕೂಡಲೇ ಗಾಳಿ ತಗಲುವ ಮೈ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಧನಿಯಾ ಕಾಳು ವರ್ಷ ಇರುತ್ತದೆ, ಧನಿಯಾ ಪುಡಿ ತಿಂಗಳಲ್ಲೇ ಘಮ ಕಳೆದುಕೊಳ್ಳುತ್ತದೆ ಅಲ್ವಾ, ಹಾಗೇ.

ಸ್ಪ್ರೇ ಡ್ರೈಯಿಂಗ್, ಕವಚ ಕಟ್ಟುವುದು ಅಂತೆಲ್ಲ ಓದಿದ್ದೇವೆ. ಅದೇನು?

ಸಾರಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಬಿಳಿ ಪುಡಿ) ಅಥವಾ ಅರೇಬಿಕ್ ಗೋಂದು ಬೆರೆಸಿ, 150–180 ಡಿಗ್ರಿಯ ಬಿಸಿಗಾಳಿಗೆ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಹನಿ ಕ್ಷಣದಲ್ಲಿ ಒಣಗಿ, ಪ್ರತಿ ಕಣದ ಸುತ್ತ ತೆಳುವಾದ ಗೋಡೆ ಕಟ್ಟಿಕೊಳ್ಳುತ್ತದೆ. ಅಷ್ಟು ಬಿಸಿಯಲ್ಲಿ ಸುಡುವುದಿಲ್ಲವಾ ಅಂದರೆ, ನೀರು ಆವಿಯಾಗುವಾಗ ಹನಿ ತಾನೇ ತಂಪಾಗಿರುತ್ತದೆ, ಬಿಸಿಯಲ್ಲಿ ಇರುವುದೂ ಕೆಲವೇ ಸೆಕೆಂಡು. ಹಾಲಿನ ಪುಡಿ ಮಾಡುವುದೂ ಇದೇ ಉಪಾಯದಿಂದ. ಯಂತ್ರ ಇಲ್ಲದವರು ಸಾರಕ್ಕೆ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿ ತಟ್ಟೆಯಲ್ಲಿ ತೆಳುವಾಗಿ ಹರಡಿ 45 ಡಿಗ್ರಿಯಲ್ಲಿ ಒಣಗಿಸಬಹುದು. ಅಷ್ಟು ನುಣುಪಾಗಿ ಬರುವುದಿಲ್ಲ, ಆದರೆ ಬರೀ ಸಾರದ ಹಾಗೆ ಅಂಟಂಟಾಗಿ ಕೂರುವುದೂ ಇಲ್ಲ.

ಇದರಿಂದ ದುಡ್ಡು ಮಾಡಬಹುದಾ?

ಈಗ ಬೇಡ. ಸಾಲ ಮಾಡಿ ಯಂತ್ರ ತರಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ತಿನ್ನುವ ಆಂಟಿಆಕ್ಸಿಡೆಂಟ್ ಬೇಕಿದ್ದರೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಬೀಜ ಇದೆ, ಶ್ರೀನಿವಾಸಪುರದ ಮಾವಿನ ಸಿಪ್ಪೆ ಇದೆ, ಎಲ್ಲರ ಹಿತ್ತಲಲ್ಲಿ ನುಗ್ಗೆಸೊಪ್ಪು ಇದೆ. ಅವಕ್ಕೆ ಭಾರ ಲೋಹದ ಈ ಭಯ ಇಲ್ಲ.

ಅಂತರಗಂಗೆ ಸಾರಕ್ಕೆ ನನಗೆ ಕಾಣುವ ದಾರಿ ತಿನ್ನದ ವಸ್ತುಗಳದು. ಎಣ್ಣೆ, ಜೈವಿಕ ಡೀಸೆಲ್ ಕಮಟು ಹಿಡಿಯದಂತೆ ತಡೆಯುವುದು, ರಬ್ಬರ್, ಪ್ಲಾಸ್ಟಿಕ್ ಬೇಗ ಬಿರುಕು ಬಿಡದಂತೆ ಬೆರೆಸುವುದು. ತೊಟ್ಟಿನ ನಾರಿನಿಂದ ಕಾಗದ, ಬುಟ್ಟಿ ಮಾಡಬಹುದು. ಎಲೆಯಿಂದ ಸಾರ, ತೊಟ್ಟಿನಿಂದ ನಾರು ಅಂತ ಎರಡೂ ಒಟ್ಟಿಗೆ ಯೋಚಿಸಿದರೆ ಆಗ ಲೆಕ್ಕ ಸ್ವಲ್ಪ ಕೂಡಬಹುದು.

ನಮ್ಮ ಸಂಘದಲ್ಲಿ ಸೋಪಿಗೆ ಹಾಕೋಣ ಅಂತಿದ್ದೇವೆ ಮೇಡಂ.

ಲೋಹದ ಪರೀಕ್ಷೆಯ ವರದಿ ಬರುವವರೆಗೆ ಬೇಡ ಅಮ್ಮ. ಬಂದ ಮೇಲೂ, ಮಾರುವ ಸೋಪು 2020ರ ಸೌಂದರ್ಯವರ್ಧಕ ನಿಯಮಗಳ ಕೆಳಗೆ ಬರುತ್ತದೆ, ತಯಾರಿಕೆಗೆ ಪರವಾನಗಿ ಬೇಕು. ಇನ್ನೊಂದು ವಿಷಯ: ಸೋಪು ಕ್ಷಾರ. ಪಾಲಿಫಿನಾಲ್ ಕ್ಷಾರದಲ್ಲಿ ಬೇಗ ಕೆಡುತ್ತದೆ ಅಂತ ಮೇಲೆ ಹೇಳಿದೆನಲ್ಲ. ನಿಮ್ಮ ಶ್ರಮವೆಲ್ಲ ಸೋಪಿನೊಳಗೇ ಸತ್ತುಹೋಗುತ್ತದೆ.

ಹಾಗಿದ್ದರೆ ಈ ಗಿಡವನ್ನು ಒಂದು ತೊಟ್ಟಿಯಲ್ಲಿ ಶುದ್ಧ ನೀರಿನಲ್ಲಿ ಬೆಳೆಸಬಹುದಲ್ಲ?

ಇದು ಜಾಣ ಪ್ರಶ್ನೆ, ಆದರೂ ನನ್ನ ಉತ್ತರ ಬೇಡ ಅಂತಲೇ. ಒಂದು ತುಂಡು ಬಳ್ಳಿ ಮಳೆನೀರಿನಲ್ಲಿ ಹರಿದು ರಾಜಕಾಲುವೆ ಸೇರಿದರೆ ಮುಂದಿನ ಕೆರೆ ಹೋಯಿತು. ನಮ್ಮಲ್ಲಿ ಕೆರೆಗಳು ಸರಪಳಿಯ ಹಾಗೆ ಒಂದಕ್ಕೊಂದು ಕೂಡಿಕೊಂಡಿವೆ. ಕೊಯ್ದ ಎಲೆ ತರುವಾಗಲೂ ಬುಡ, ಬಳ್ಳಿ, ಹೂ ಜೊತೆಗೆ ಬರದಂತೆ ನೋಡಿ. ಕ್ರೇಟನ್ನು ಇನ್ನೊಂದು ಕೆರೆಯಲ್ಲಿ ತೊಳೆಯಬೇಡಿ.

ಕಳೆಯನ್ನು ತಗ್ಗಿಸಲು ಇದರ ತವರಿನ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ನೋಡಿದ್ದಾರೆ, ಫಲವೂ ಸಿಕ್ಕಿತ್ತು. ನಿಮ್ಮ ಕೆರೆಗೆ ಅದು ಆಗುತ್ತದಾ ಅಂತ ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜಿನಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ನಮ್ಮ ಪ್ರಯೋಗಕ್ಕೆ ಎಲೆ ಸಿಗದೆ ಹೋಗುವ ದಿನ ಬಂದರೆ ನನಗೆ ಅದಕ್ಕಿಂತ ಸಂತೋಷ ಇಲ್ಲ.

ಸಾರ ತೆಗೆದ ಮೇಲೆ ಉಳಿದ ಚರಟ ಏನು ಮಾಡಲಿ?

ಎಥನಾಲ್ ಪೂರ್ತಿ ಆರಿದ ಮೇಲೆ ಗೊಬ್ಬರದ ಗುಂಡಿಗೆ. ಲೋಹದ ವರದಿ ಚೆನ್ನಾಗಿಲ್ಲದಿದ್ದರೆ ಆ ಗೊಬ್ಬರ ಸೊಪ್ಪು, ತರಕಾರಿ, ರಾಗಿಗೆ ಬೇಡವೇ ಬೇಡ. ಹೂಗಿಡದ ಕುಂಡಕ್ಕೆ ಹಾಕಿ.

ನಾಳೆಯೇ ಶುರು ಮಾಡಬೇಕು ಅನ್ನಿಸುತ್ತಿದೆ. ಮೊದಲು ಏನು ಮಾಡಲಿ?

ಏನೂ ಕೊಯ್ಯಬೇಡಿ. ಬೆಳಗ್ಗೆ ಎದ್ದು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ. ನೀರು ಎಲ್ಲಿಂದ ಒಳಗೆ ಬರುತ್ತದೆ ನೋಡಿ. ಪೈಪೋ, ರಾಜಕಾಲುವೆಯೋ, ಮೇಲಿನ ಕೆರೆಯ ಕೋಡಿಯೋ? ನೊರೆ ಇದೆಯಾ? ಹತ್ತಿರ ವರ್ಕ್‌ಶಾಪು, ಬಣ್ಣದ ಕೆಲಸ, ಕಸ ಸುರಿಯುವ ಜಾಗ ಇದೆಯಾ? ಏರಿ ಮೇಲೆ ಹಸು ಮೇಯಿಸುವ ಹಿರಿಯರು ಸಿಗುತ್ತಾರೆ, ಅವರನ್ನು ಕೇಳಿ. ಈ ಕೆರೆಗೆ ಏನು ಬಂದು ಬೀಳುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನೆಲ್ಲ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ಆ ನೋಟ್‌ಬುಕ್ ಹಿಡಿದುಕೊಂಡು ಬನ್ನಿ. ಎಲೆಯ ಮಾತು ಆಮೇಲೆ ಆಡೋಣ.